ನಿಂಗರಾಜ ಕೇಳಿದ ಎತ್ತಿನ ಕೇಕು

ದುಖಾನಿನಲ್ಲಿ ಮಕ್ಕಳ ಹುಟ್ಟುಹಬ್ಬಕ್ಕೆ ರೈಲಿನ ಕೇಕೋ ಗೊಂಬೆಯ ಕೇಕೋ ಬೇಕೆಂದು ಯಾರಾದರೂ ಕೇಳಿದರೆ ಸಿಸಿಲಿಯಾ, "ರೌಂಡ್ ಸಾಕು ಮಾರಾಯ್ತಿ, ರೌಂಡಿಗೆ ಎಂತ ಆಗಿದೆ" ಎಂದು ಮಾತು ಮುಗಿಸಿಬಿಡುತ್ತಿದ್ದರು. ಹೊಸದಾಗಿ ಬಂದವರು, ಪಾಪ, ಈ ಹೆಂಗಸಿಗೆ ದುಂಡು ಕೇಕು ಬಿಟ್ಟರೆ ಬೇರೇನೂ ಬರುವುದಿಲ್ಲ ಎಂದುಕೊಳ್ಳುತ್ತಿದ್ದರು. ನನಗೆ ಅದನ್ನು ಕೇಳಿದರೆ ಮೈ ಉರಿಯುತ್ತಿತ್ತು. ಒಂದು ಕಾಲಕ್ಕೆ ಅವರು ಮಾಡದ ಆಕಾರವೇ ಇರಲಿಲ್ಲ. ಹಡಗು, ಪಿಯಾನೋ, ಬಿಚ್ಚಿಟ್ಟ ಪುಸ್ತಕ, ಲಂಗದ ನೆರಿಗೆ ಎಣಿಸಬಹುದಾದಂಥ ಗೊಂಬೆ. ಅದೆಲ್ಲ ಯಾಕೆ ನಿಂತುಹೋಯಿತು ಎಂದು ಸರಿಯಾಗಿ ಗೊತ್ತಿದ್ದವಳು ನಾನೊಬ್ಬಳೇ. ಯಾಕೆಂದರೆ ನಾನು ಅದು ನಡೆದ ಎರಡು ಮನೆಗಳ ನಡುವಿನ ಮನೆಯವಳು. ನಡುವಿನ ಮನೆಗೆ ಎರಡೂ ಕಡೆಯ ಒಗ್ಗರಣೆಯ ವಾಸನೆ ಬರುತ್ತದೆ, ಎರಡೂ ಕಡೆಯ ಸುದ್ದಿಯೂ ಬರುತ್ತದೆ.

ನನ್ನ ಹೆಸರು ಚಂದ್ರಿಕಾ, ತುಮಕೂರಿನ ಕಡೆಯವಳು. ನನ್ನ ಯಜಮಾನರು ವೆಂಕಟರಾಮು ಎಣ್ಣೆ ಕಂಪನಿಯ ಅಕೌಂಟ್ಸಿನಲ್ಲಿದ್ದರು. ದುಖಾನ್ ಎಂದರೆ ಕತಾರಿನ ಪಡುವಣ ದಂಡೆಯ ಎಣ್ಣೆಯ ಊರು. ಒಂದೇ ಅಚ್ಚಿನಲ್ಲಿ ಹೊಯ್ದಂಥ ಸ್ಟಾಫ್ ಮನೆಗಳ ಸಾಲು, ಆಚೆಗೆ ಹಗಲೂ ರಾತ್ರಿಯೂ ಉರಿಯುವ ಗ್ಯಾಸಿನ ಬೆಂಕಿ, ಅದರಾಚೆ ಸಮುದ್ರ. ದೋಹಾಕ್ಕೆ ಕಾರಿನಲ್ಲಿ ಒಂದು ಗಂಟೆಯ ಮೇಲೆ ಹಿಡಿಯುತ್ತಿತ್ತು. ಅಲ್ಲಿಂದ ಕ್ರೀಮ್ ಕೇಕು ಕೊಂಡು ತಂದರೆ ಮನೆ ಮುಟ್ಟುವಷ್ಟರಲ್ಲಿ ಗುಲಾಬಿ ಹೂಗಳೆಲ್ಲ ಜಾರಿ ಡಬ್ಬದ ಒಂದು ಮೂಲೆಯಲ್ಲಿ ಮುದ್ದೆಯಾಗಿರುತ್ತಿದ್ದವು. ನಮ್ಮ ಹತ್ತಿರದ ಬೇಕರಿಯಲ್ಲಿ ಸಿಗುತ್ತಿದ್ದದ್ದು ಖುಬ್ಬೂಸ್ ರೊಟ್ಟಿ ಮಾತ್ರ. ಹಾಗಾಗಿ ತೊಂಬತ್ತರ ಆಚೀಚಿನ ಆ ವರ್ಷಗಳಲ್ಲಿ ನಮ್ಮ ಸಾಲಿನ ಮಕ್ಕಳಿಗೆಲ್ಲ ಹುಟ್ಟುಹಬ್ಬ ಅಂದರೆ ಸಿಸಿಲಿಯಾ ಆಂಟಿಯ ಒವನ್.

ಅವರು ಉಡುಪಿ ಹತ್ತಿರದ ಶಿರ್ವದವರು. ತವರಿನಲ್ಲಿ ಒವನ್ ಕಂಡವರೇ ಅಲ್ಲ. ಅವರ ತಾಯಿ ಕ್ರಿಸ್ಮಸ್ಸಿಗೆ ದಪ್ಪ ತಳದ ಪಾತ್ರೆಯಲ್ಲಿ ಮರಳು ಹರಡಿ, ಅದರೊಳಗೆ ಇನ್ನೊಂದು ಪಾತ್ರೆ ಇಟ್ಟು, ಮುಚ್ಚಳದ ಮೇಲೆ ಗೆರಟೆಯ ಕೆಂಡ ಸುರಿದು ಕೇಕು ಬೇಯಿಸುತ್ತಿದ್ದರಂತೆ. ಕೆಂಡ ಊದುವ ಕೆಲಸ ಇವರದು. ಒಂದು ವರ್ಷ ಉಮೇದಿನಲ್ಲಿ ಜೋರಾಗಿ ಊದಿ, ಮುಚ್ಚಳ ಸರಿಸುವಾಗ ಬೂದಿಯೆಲ್ಲ ಕೇಕಿನ ಮೇಲೆ ಬಿತ್ತು. ಅಂದಿನಿಂದ ನೆಂಟರಿಷ್ಟರ ಬಾಯಲ್ಲಿ ಇವರು 'ಬೂದಿ ಸಿಸ್ಸಿ' ಆದರು. ಮದುವೆಯ ಹಿಂದಿನ ದಿನ ರೋಸ್ ಶಾಸ್ತ್ರದಲ್ಲಿ ತೆಂಗಿನ ಹಾಲು ಹಚ್ಚುವಾಗ ಕೂಡ ಯಾರೋ ಹಾಗೆ ಕರೆದರಂತೆ. ನಗುತ್ತಲೇ ಹೇಳುತ್ತಿದ್ದರು, ಆದರೆ ಹೇಳುವಾಗ ಕಿವಿ ಕೆಂಪಾಗುತ್ತಿತ್ತು. ಬೇರೆಯವರು ಮರೆತುಬಿಡುವ ಮಾತನ್ನು ಇಪ್ಪತ್ತು ವರ್ಷ ಹೊತ್ತು ತಿರುಗುವ ಜನ ಇರುತ್ತಾರಲ್ಲ, ಅವರು ಆ ಪೈಕಿ.

ಉಡುಪಿಯಲ್ಲಿ ಟೈಪಿಸ್ಟ್ ಆಗಿದ್ದವರು ಲೆಸ್ಲಿಯವರನ್ನು ಮದುವೆಯಾಗಿ ಇಲ್ಲಿಗೆ ಬಂದರು. ಲೆಸ್ಲಿ ಸ್ಟೋರ್ಸಿನಲ್ಲಿ ಕ್ಲರ್ಕು, ಮಾತು ಕಡಿಮೆ, ವಿಡಿಯೋ ಕ್ಯಾಮರಾದ ಹುಚ್ಚು ಜಾಸ್ತಿ. ಹೆಂಡತಿಯಾಗಿ ಬಂದವರು ಕೆಲಸ ಮಾಡುವಂತಿಲ್ಲ ಎಂದು ವೀಸಾದಲ್ಲೇ ಬರೆದಿತ್ತು. ಮಗ ಡ್ಯಾರೆಲ್ ಓದಲು ಮಂಗಳೂರಿಗೆ ಹೋದ ಮೇಲೆ ಮನೆಯಲ್ಲಿ ಉಳಿದದ್ದು ಇವರು ಮತ್ತು ಕಂಪನಿ ಕೊಟ್ಟ ದೊಡ್ಡ ಗ್ಯಾಸ್ ಒಲೆ, ಅದರ ಹೊಟ್ಟೆಯಲ್ಲಿ ಒವನ್. ಟೈಪ್ ಮಾಡುತ್ತಿದ್ದ ಬೆರಳುಗಳು ಐಸಿಂಗಿಗೆ ಇಳಿದವು.

ಕೇಕಿಗೆ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಒಂದೇ. ಮುಚ್ಚಿದ ರಟ್ಟಿನ ಡಬ್ಬವನ್ನು ತಾವೇ ಎತ್ತಬೇಕು, ಎತ್ತಿದಾಗ ಎಲ್ಲರ ಬಾಯಿಂದ 'ಹಾ' ಬರಬೇಕು. ಆ 'ಹಾ'ಕ್ಕಾಗಿ ಎರಡು ದಿನ ಅಡುಗೆಮನೆಯಲ್ಲಿ ನಿಲ್ಲುತ್ತಿದ್ದರು. ನಾನು ಈ ವಿಷಯದಲ್ಲಿ ಅವರನ್ನು ಸಾಕಷ್ಟು ಗೋಳು ಹೊಯ್ದುಕೊಂಡಿದ್ದೇನೆ. ಇನ್ನೊಂದು ಪದ್ಧತಿ ಇತ್ತು. ಲೆಸ್ಲಿ ಸ್ಟೋರ್ಸಿನ ಪೆಟ್ಟಿಗೆಯ ಪ್ಲೈವುಡ್ ಕತ್ತರಿಸಿ, ಚಿನ್ನದ ಬಣ್ಣದ ಕಾಗದ ಅಂಟಿಸಿ ಹಲಗೆ ಮಾಡಿಕೊಡುತ್ತಿದ್ದರು. ಕೇಕು ಅದರ ಮೇಲೆ ಹೋಗುತ್ತಿತ್ತು. ಹಲಗೆ ಒಂದೆರಡು ದಿನದಲ್ಲಿ ತಿರುಗಿ ಬರುವಾಗ ಅದರ ಮೇಲೆ ಆ ಮನೆಯವರು ಮಾಡಿದ್ದು ಏನಾದರೂ ಇರುತ್ತಿತ್ತು. ಬರಿದಾಗಿ ಯಾರೂ ಕಳಿಸುತ್ತಿರಲಿಲ್ಲ. ನಾನು ಕೋಡುಬಳೆ ಇಡುತ್ತಿದ್ದೆ. ನೀಲಕ್ಕ ಜೋಳದ ರೊಟ್ಟಿ, ಶೇಂಗಾ ಚಟ್ನಿ ಇಡುತ್ತಿದ್ದಳು.

ನೀಲಕ್ಕ ನನ್ನ ಇನ್ನೊಂದು ಪಕ್ಕದ ಮನೆಯವಳು. ಗದಗಿನ ಕಡೆಯವರು, ಗಂಡ ಮುರುಗೆಪ್ಪ ಪೈಪ್‌ಲೈನಿನಲ್ಲಿ ವೆಲ್ಡಿಂಗ್ ಫೋರ್‌ಮನ್. ಅವರು ಬಂದ ಮೊದಲ ವರ್ಷ ಸಿಸಿಲಿಯಾ ಎಲ್ಲರಿಗೂ ಕಳಿಸಿದಂತೆ ಅವರಿಗೂ ಕೇಕು ಕಳಿಸಿದ್ದರು. ನೀಲಕ್ಕ ಬಾಗಿಲಲ್ಲೇ ನಿಂತು, "ನಾವು ತತ್ತಿ ತಿನ್ನಂಗಿಲ್ರಿ" ಎಂದು ನೇರವಾಗಿ ಹೇಳಿದಳು. ಸಿಸಿಲಿಯಾ ಕಿವಿ ಕೆಂಪು ಮಾಡಿಕೊಂಡು ಬಂದವರು ಸುಮ್ಮನೆ ಕೂರಲಿಲ್ಲ. ಮೊಸರು, ಕಂಡೆನ್ಸ್ಡ್ ಮಿಲ್ಕು, ಸೋಡಾ, ವಿನೆಗರ್ ಎಂದು ತಿಂಗಳುಗಟ್ಟಲೆ ಪ್ರಯೋಗ ನಡೆಸಿದರು. ಉಬ್ಬದೆ ಕುಳಿತ ಕೇಕುಗಳನ್ನೆಲ್ಲ ತಿಂದವರು ನಾವು. ಕೊನೆಗೆ ಮೊಟ್ಟೆಯಿಲ್ಲದೆಯೂ ಹತ್ತಿಯಂಥ ಕೇಕು ಬಂತು. ನೀಲಕ್ಕನ ಮನೆಯ ಕೇಕಿಗೆಂದೇ ಬೇರೆ ಬೋಗುಣಿ, ಬೇರೆ ಸೌಟು, ಬೇರೆ ತಟ್ಟೆ ತೆಗೆದಿಟ್ಟರು. ಮೊಟ್ಟೆ ಮುಟ್ಟಿದ ಪಾತ್ರೆ ಅದರ ಹತ್ತಿರಕ್ಕೂ ಬರಕೂಡದು. ಸ್ವಂತ ಅಕ್ಕತಂಗಿಯರೂ ಇಷ್ಟು ನೋಡಿಕೊಳ್ಳುವುದಿಲ್ಲ ಎಂದು ನೀಲಕ್ಕ ನನ್ನೆದುರೇ ಎಷ್ಟೋ ಸಲ ಹೇಳಿದ್ದಳು.

ಆ ವರ್ಷ ನೀಲಕ್ಕನ ಮಗ ನಿಂಗರಾಜನಿಗೆ ಜನವರಿಯಲ್ಲಿ ಐದು ತುಂಬುವುದಿತ್ತು. ಅದಕ್ಕೂ ಮೊದಲಿನ ಬೇಸಿಗೆ ರಜೆಗೆ ಊರಿಗೆ ಹೋಗಿದ್ದಾಗ ಅವನು ಮಣ್ಣೆತ್ತಿನ ಅಮಾವಾಸ್ಯೆ ನೋಡಿ ಬಂದಿದ್ದ. ಅಜ್ಜಿ ಕೆರೆಯ ಮಣ್ಣು ತಂದು ಎತ್ತು ಮಾಡಿಕೊಟ್ಟಿದ್ದಳಂತೆ. ಇಲ್ಲಿಗೆ ಬಂದ ಮೇಲೂ ಹುಡುಗನಿಗೆ ಅದೇ ಧ್ಯಾನ. ದಿಂಬಿಗೆ ಹಗ್ಗ ಕಟ್ಟಿ ಉಳುತ್ತಿದ್ದ. ಯಾವ ಕೇಕು ಬೇಕೋ ಎಂದು ಸಿಸಿಲಿಯಾ ಕೇಳಿದಾಗ, ಕಾರು ವಿಮಾನ ಯಾವುದೂ ಬೇಡ, ಬಿಳಿ ಎತ್ತು ಬೇಕು ಎಂದ.

ಸಿಸಿಲಿಯಾ ಎತ್ತು ಕಂಡವರೇ, ಆದರೆ ಕೇಕು ಮಾಡುವ ಕಣ್ಣಿನಿಂದ ಕಂಡಿರಲಿಲ್ಲ. ಅವರ ಬಳಿಯಿದ್ದ ಇಂಗ್ಲಿಷ್ ಪುಸ್ತಕಗಳಲ್ಲಿ ಮೊಲ, ಬಾತುಕೋಳಿ, ಕರಡಿ ಇದ್ದವೇ ಹೊರತು ಎತ್ತು ಇರಲಿಲ್ಲ. ಮಾದರಿ ಹುಡುಕುತ್ತಿದ್ದವರ ಕಣ್ಣಿಗೆ ಬಿದ್ದದ್ದು ನೀಲಕ್ಕನ ಟೀವಿಯ ಮೇಲೆ ಕುಳಿತಿದ್ದ ಕರಿಕಲ್ಲಿನ ಬಸವಣ್ಣ. ಅಂಗೈ ಉದ್ದದ್ದು, ನೀಲಕ್ಕನ ತವರಿನಿಂದ ಬಂದದ್ದು. ಕಂಪನಿಯ ಮನೆಗಳಲ್ಲಿ ದೇವರ ಕೋಣೆ ಎಲ್ಲಿಂದ ಬರಬೇಕು? ಅಡುಗೆಮನೆಯ ಕಪಾಟಿನಲ್ಲಿ ಫೋಟೋಗಳು, ದೀಪ. ಅಲ್ಲಿ ಜಾಗ ಸಾಲದೆ ಬಸವಣ್ಣ ಟೀವಿಯ ಮೇಲಕ್ಕೆ ಬಂದಿದ್ದ, ಪ್ಲಾಸ್ಟಿಕ್ ಹೂವಿನ ಕುಂಡದ ಪಕ್ಕಕ್ಕೆ. ಸಿಸಿಲಿಯಾ ಅವರ ಮನೆಯಲ್ಲಿ ಏಸುವಿನ ಪಟ ಗೋಡೆಯ ಮೇಲೆ, ಅದರ ಕೆಳಗೆ ಯಾವಾಗಲೂ ಉರಿಯುವ ಸಣ್ಣ ಕೆಂಪು ಬಲ್ಬು. ದೇವರೆಂದರೆ ಎದುರಿಗೊಂದು ಬೆಳಕು ಇರಲೇಬೇಕು ಎಂಬುದು ಅವರ ಲೆಕ್ಕ. ಟೀವಿಯ ಮೇಲಿದ್ದದ್ದಕ್ಕೆ ಬೆಳಕಿರಲಿಲ್ಲ, ಹಾಗಾಗಿ ಅದು ಶೋಪೀಸು. ನೀಲಕ್ಕ ಚಹಾ ಮಾಡಲು ಒಳಗೆ ಹೋದಾಗಲೆಲ್ಲ ಇವರು ಅದನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿ ಮನಸ್ಸಿನಲ್ಲಿ ಇಳಿಸಿಕೊಂಡರು. ಏನು ಮಾಡುತ್ತಿದ್ದೇನೆಂದು ಯಾರಿಗೂ ಹೇಳಲಿಲ್ಲ. ನನಗೂ ಹೇಳಲಿಲ್ಲ. ಹೇಳಿದ್ದರೆ ಈ ಕಥೆ ಇಲ್ಲಿಗೇ ನಿಲ್ಲುತ್ತಿತ್ತು.

ಹುಟ್ಟುಹಬ್ಬ ಶುಕ್ರವಾರ ಸಂಜೆ ಇತ್ತು. ಮುರುಗೆಪ್ಪನ ಅವ್ವ ಕಾಶವ್ವ ವಿಸಿಟ್ ವೀಸಾದಲ್ಲಿ ಬಂದಿದ್ದಳು. ಇಳಕಲ್ ಸೀರೆ ಉಟ್ಟು ಸೋಫಾದ ಮೇಲೆ ಕಾಲು ಮಡಚಿ ಕುಳಿತು, ಬಲೂನು ಒಡೆದಾಗಲೆಲ್ಲ ಬೆಚ್ಚಿ ನಗುತ್ತಿದ್ದಳು. ಲೆಸ್ಲಿ ಹೆಗಲ ಮೇಲೆ ಕ್ಯಾಮರಾ ಏರಿಸಿಕೊಂಡು ಸಿದ್ಧರಾದರು. ಸಿಸಿಲಿಯಾ ಮೇಜಿನ ಹತ್ತಿರ ಬಂದು, ಒಂದು ಸಲ ಎಲ್ಲರ ಮುಖ ನೋಡಿ, ಡಬ್ಬ ಎತ್ತಿದರು.

'ಹಾ' ಬಂತು. ಬಾರದೆ ಇರುವುದು ಹೇಗೆ? ಕೋಕೋ ಐಸಿಂಗಿನ ಕಪ್ಪು ಮೈ ಹೊಳೆಯುತ್ತಿತ್ತು. ಮುಂಗಾಲು ಮಡಚಿ ಗಂಭೀರವಾಗಿ ಕುಳಿತಿತ್ತು. ಬೆನ್ನಿನ ಮೇಲೆ ಡುಬ್ಬ, ಕೊರಳಿಗೆ ಬೆಳ್ಳಿ ಗುಂಡುಗಳ ಸರ, ಸರದ ತುದಿಗೆ ಗಂಟೆ. ಹಣೆಯ ಮೇಲೆ ಬಿಳಿ ಐಸಿಂಗಿನಲ್ಲಿ ಎಳೆದ ಮೂರು ಗೆರೆ. ಕಲ್ಲಿನ ಬಸವಣ್ಣನ ಹಣೆಯಲ್ಲಿ ಇದ್ದದ್ದನ್ನು ಅವರು ಒಂದು ಗೆರೆಯೂ ಬಿಡದೆ ತಂದಿದ್ದರು. ಹುಡುಗ ಬಿಳಿ ಎತ್ತು ಕೇಳಿದ್ದ. ಬಂದು ಕುಳಿತದ್ದು ವಿಭೂತಿ ಧರಿಸಿದ ಬಸವಣ್ಣ. 

ಕಾಶವ್ವ ಸೋಫಾದಿಂದ ಇಳಿದು, ತಲೆಯ ಮೇಲೆ ಸೆರಗು ಎಳೆದುಕೊಂಡು ಬಂದು, ಹಲಗೆಯ ಅಂಚು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ನಮ್ಮಪ್ಪ ಎಷ್ಟು ಚೆಂದ ಕುಳಿತಿದ್ದಾನೆ ನೋಡು ಎಂದು ಸೊಸೆಗೆ ಹೇಳಿದಳು. ಸಿಸಿಲಿಯಾ ಅದನ್ನೂ ಮೆಚ್ಚುಗೆಯೆಂದೇ ತಿಳಿದು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಅಷ್ಟರಲ್ಲಿ ಯಾರೋ ಹಾಡು ಶುರು ಮಾಡಿದರು, ಯಾರೋ ಗುಲಾಬಿ ರಿಬ್ಬನ್ ಕಟ್ಟಿದ ಚಾಕುವನ್ನು ನಿಂಗರಾಜನ ಕೈಗೆ ಕೊಟ್ಟರು. ಹುಡುಗ ಚಾಕು ಹಿಡಿದು ಕೇಕನ್ನು ನೋಡಿದ. ಆಮೇಲೆ ಟೀವಿಯನ್ನು ನೋಡಿದ.

"ಮಮ್ಮಿ, ಇದು ಎತ್ತಲ್ಲ. ಟೀವಿ ಮ್ಯಾಲಿನ ಬಸವಣ್ಣ."

ಹಾಡು ನಡುವೆಯೇ ನಿಂತುಹೋಯಿತು. ಮುರುಗೆಪ್ಪ ಮೆಲ್ಲಗೆ ಮಗನ ಕೈಯಿಂದ ಚಾಕು ತೆಗೆದುಕೊಂಡ.  ಯಾರಾದರೂ ಒಬ್ಬರು ನಕ್ಕಿದ್ದರೂ ಸಾಕಿತ್ತು. ಸಿಸಿಲಿಯಾ ಟೀವಿಯನ್ನು, ಕಾಶವ್ವನ ತಲೆಯ ಮೇಲಿನ ಸೆರಗನ್ನು, ಮೇಜಿನ ಮೇಲಿನ ಚಾಕುವನ್ನು ನೋಡಿದರು. ತಿಳಿಯಿತು. ಮುಖದ ರಕ್ತವೆಲ್ಲ ಇಳಿಯಿತು. ಸುಮ್ಮನೆ ನಿಂತಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಅವರದು ಮಾಡಿದ್ದನ್ನು ಆ ಕ್ಷಣವೇ ಸರಿಮಾಡಬೇಕೆನ್ನುವ ಜೀವ. ಒಂದು ನಿಮಿಷ, ಈಗಲೇ ಎತ್ತು ಮಾಡಿಬಿಡುತ್ತೇನೆ ಎನ್ನುತ್ತ ಚೀಲದಿಂದ ಐಸಿಂಗ್ ಸವರುವ ಚಪ್ಪಟೆ ಚೂರಿ ತೆಗೆದು, ಹಣೆಯ ಗೆರೆಗಳನ್ನು ಕೆರೆಯಲು ಬಗ್ಗಿದರು.

"ಏ ಬ್ಯಾಡವಾ, ಬ್ಯಾಡ" ಎಂದು ಕಾಶವ್ವ ಅವರ ಮಣಿಕಟ್ಟು ಹಿಡಿದಳು. ಚೂರಿ ಕೈಜಾರಿ ಟೈಲ್ಸಿನ ಮೇಲೆ ಠಣ್ಣೆಂದು ಬಿತ್ತು. ಲೆಸ್ಲಿ ಕ್ಯಾಮರಾ ಇಳಿಸುವುದನ್ನೇ ಮರೆತಿದ್ದರು.

ಸಿಸಿಲಿಯಾ ಚೂರಿ ಎತ್ತಿಕೊಳ್ಳಲಿಲ್ಲ, ಚಪ್ಪಲಿಯನ್ನೂ ಸರಿಯಾಗಿ ಮೆಟ್ಟಲಿಲ್ಲ. ಹೊರಟುಹೋದರು. ಕಾಶವ್ವ ಹಿಂದಿನಿಂದ ಏನೋ ಕೂಗಿ ಹೇಳಿದಳು, ಆದರೆ ಕೇಕು ಸಿಗುವುದಿಲ್ಲ ಎಂದು ನಿಂಗರಾಜ ತೆಗೆದ ರಾಗದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ನಮಗೆಲ್ಲ ಚೂಡಾ, ಲಾಡು ಕೊಟ್ಟು ಕಳಿಸಿದರು.

ಮರುದಿನ ನಾನು ಹೋದಾಗ ಸಿಸಿಲಿಯಾ ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತಿದ್ದರು. ಟೀವಿಯ ಮೇಲೆ ದೇವರನ್ನು ಇಡುತ್ತಾರೆಂದು ತನಗೇನು ಗೊತ್ತು ಎಂದರು. ಒಂದು ಲೈಟ್ ಕೂಡ ಇರಲಿಲ್ಲ ಎಂದರು. ಆಮೇಲೆ, ಬೇರೆಯವರ ದೇವರ ಹಣೆಯನ್ನು ಚೂರಿಯಲ್ಲಿ ಕೆರೆಯಲು ಹೋದೆನಲ್ಲ, ಅದೂ ಆ ಮುದುಕಿಯ ಎದುರು, ಎಂದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ತಮ್ಮ ಮನೆಯ ಏಸುವಿನ ಮುಖವನ್ನು ಯಾರಾದರೂ ಕೇಕು ಮಾಡಿ ಕತ್ತರಿಸಲು ಬಂದರೆ ಹೇಗಾಗುತ್ತಿತ್ತು ಎಂದು ನನ್ನನ್ನೇ ಕೇಳಿದರು.  ನೀಲಕ್ಕನ ಮನೆಗೆ ಹೋಗಿ ಒಂದು ಮಾತಾಡಿ ಬನ್ನಿ ಎಂದೆ. ತಲೆ ಅಲ್ಲಾಡಿಸಿದರು.

ಹೋಗಲಿಲ್ಲ. ಒವನ್ ಹಚ್ಚುವುದನ್ನೂ ನಿಲ್ಲಿಸಿದರು. ಹಿಂದಿನ ಸಾಲಿನ ಮಲಯಾಳಿ ಮನೆಯವರು ಮಗಳ ಹುಟ್ಟುಹಬ್ಬಕ್ಕೆ ಕೇಳಿದಾಗ ಕೈನೋವು ಎಂದು ಸುಳ್ಳು ಹೇಳಿದರು. ಸೂಪರ್‌ಮಾರ್ಕೆಟ್ಟಿನಲ್ಲಿ ಇಳಕಲ್ ಸೀರೆಯ ಅಂಚು ಕಂಡರೆ ಸಾಬೂನಿನ ಸಾಲಿನ ಹಿಂದೆ ಹೋಗಿ ನಿಲ್ಲುತ್ತಿದ್ದರು. ನೀಲಕ್ಕ ಎರಡು ಸಲ ಬಂದು ಬೆಲ್ ಒತ್ತಿದ್ದು ನನಗೇ ಕೇಳಿಸಿತು. ಒಳಗೆ ಇವರು ಉರಿಯುತ್ತಿದ್ದ ಒಲೆ ಆರಿಸಿ, ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದರಂತೆ. ಬೈಯುವುದಕ್ಕೆ ಬಂದಿರುತ್ತಾಳೆ, ಇಲ್ಲವೇ ಹಲಗೆ ಕೊಡುವುದಕ್ಕೆ ಬಂದಿರುತ್ತಾಳೆ, ಬರಿ ಹಲಗೆ ಕೈಯಲ್ಲಿ ಹಿಡಿದು ತಾನು ಯಾವ ಮುಖ ಇಟ್ಟುಕೊಂಡು ನಿಲ್ಲಲಿ ಎಂದರು. ಐವತ್ತರ ಹತ್ತಿರದ ಹೆಂಗಸು ಹೀಗೆ ಬಾಗಿಲ ಹಿಂದೆ ಅಡಗಿ ಕೂರುವುದು ನನಗೆ ಸಿಟ್ಟು ತರಿಸುತ್ತಿತ್ತು. ಆದರೆ ಅವರ ಮುಖ ನೋಡಿದರೆ ಸಿಟ್ಟು ನಿಲ್ಲುತ್ತಿರಲಿಲ್ಲ.

ನೀಲಕ್ಕನನ್ನೂ ಒಂದು ಸಲ ಕೇಳಿದೆ, ಆ ಕೇಕು ಏನು ಮಾಡಿದಿರಿ ಎಂದು. ಅವಳು ಕಣ್ಣು ತಪ್ಪಿಸಿ, ಇದ್ದಕ್ಕಿದ್ದಂತೆ ಗೋಧಿ ಹಿಟ್ಟಿನ ವಿಷಯ ತೆಗೆದಳು. ಇನ್ನೇನು ಮಾಡಿರುತ್ತಾರೆ ಎಂದು ನಾನು ಮತ್ತೆ ಕೇಳಲಿಲ್ಲ.

ಎರಡು ವಾರ ಕಳೆದಿರಬೇಕು. ಹಲಗೆ ಬರಲಿಲ್ಲ. ನಾಚಿಕೆ ಬಹಳ ದಿನ ಒಂದೇ ಕಡೆ ಕುಳಿತರೆ ಹುಳಿಯಾಗುತ್ತದೆ. ಸಿಸಿಲಿಯಾ ಅವರಲ್ಲೂ ಹಾಗೇ ಆಯಿತು. ಒಂದು ಬೆಳಿಗ್ಗೆ ನಾವಿಬ್ಬರೂ ಅವರ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಿದ್ದೆವು. ಬೇಸಿಗೆಯಲ್ಲಿ ಏಸಿಯ ಗುರ್ ಎನ್ನುವ ಸದ್ದಿನಲ್ಲಿ ಒಬ್ಬರ ಮನೆಯ ಮಾತು ಇನ್ನೊಬ್ಬರಿಗೆ ಕೇಳಿಸದು. ಅದು ಚಳಿಗಾಲ, ಏಸಿ ಬಂದ್, ಕಿಟಕಿಗಳೆಲ್ಲ ತೆರೆದಿದ್ದವು. ಹೊರಗೆ, ಕಿಟಕಿಗೆ ಹತ್ತಿರದಲ್ಲೇ, ನಮ್ಮ ಮೂರು ಮನೆಗೂ ಸೇರಿದ ಬಟ್ಟೆ ಒಣಗಿಸುವ ತಂತಿ. ಹಲಗೆ ಬಂತೇ ಎಂದು ನಾನು ಸುಮ್ಮನೆ ಕೇಳಿದೆ. ಅಷ್ಟು ಸಾಕಾಯಿತು.

"ಎಲ್ಲಿಂದ ಬರ್ತದೆ? ಕಸದ ಡಬ್ಬಿಗೆ ಹಾಕಿರ್ತಾರೆ, ಹಲಗೆ ಸಮೇತ. ಮೊಟ್ಟೆ ಆಗುದಿಲ್ಲ, ಚೂರಿ ಆಗುದಿಲ್ಲ, ಇನ್ನು ನಾವೂ ಆಗುದಿಲ್ಲ. ಎಷ್ಟು ಮಾಡಿದ್ರೂ ಆ ಜನಗಳೇ ಹಾಗೆ."

ಇಷ್ಟು ವರ್ಷದಲ್ಲಿ ಅವರ ಬಾಯಲ್ಲಿ ಅಂಥ ಮಾತು ನಾನು ಕೇಳಿರಲಿಲ್ಲ. ಹೇಳಿ ಮುಗಿಸಿದ ಮೇಲೆ ಅವರಿಗೂ ಹೇಗೋ ಆಯಿತು, ಲೋಟ ತೊಳೆಯಲು ಎದ್ದರು. ಹೊರಗೆ ತಂತಿಯ ಮೇಲೆ ಒಂದು ನೇರಳೆ ಸೀರೆ ಅಲ್ಲಾಡಿತು. ಗಾಳಿಗೆ ಎಂದುಕೊಂಡೆ.

ಅದಾದ ಎರಡು ಮೂರು ದಿನಕ್ಕೆ, ಮಧ್ಯಾಹ್ನದ ಹೊತ್ತು, ನಮ್ಮ ಬಾಗಿಲ ಮುಂದೆ ಕಾಶವ್ವ ಒಬ್ಬಳೇ ನಡೆದುಹೋಗುವುದು ಕಂಡಿತು. ಕತಾರಿಗೆ ಬಂದ ಮೇಲೆ ಆಕೆ ಒಬ್ಬಳೇ ಹೊಸಿಲು ದಾಟಿದ್ದೇ ಇಲ್ಲ. ನಾನು ಹಿಂದೆಯೇ ಓಡಿದೆ. ಸಿಸಿಲಿಯಾ ಅವರ ಬಾಗಿಲಲ್ಲಿ ನಿಂತು, ಬೆಲ್ ಒತ್ತುವುದು ತಿಳಿಯದೆ, ಅಂಗೈಯಿಂದ ಬಾಗಿಲು ಬಡಿದು, ಮಗಳ, ಬಾಗಲಾ ತಗಿ ಎಂದು ಕೂಗಿದಳು. ಬೆಲ್ಲಿಗೆ ತೆರೆಯದ ಬಾಗಿಲು ಆ ಕೂಗಿಗೆ ತೆರೆಯಿತು. ಎಂಬತ್ತರ ಮುದುಕಿಯನ್ನು ಬಿಸಿಲಲ್ಲಿ ನಿಲ್ಲಿಸುವಷ್ಟು ಗಟ್ಟಿ ಮನಸ್ಸು ಸಿಸಿಲಿಯಾ ಅವರಿಗೆ ಇರಲಿಲ್ಲ.

ಕಾಶವ್ವ ಒಳಗೆ ಬರಲಿಲ್ಲ, ಕುಳಿತುಕೊಳ್ಳಲಿಲ್ಲ. ತನ್ನ ವೀಸಾ ಮುಗಿಯಿತು, ನಾಳೆ ವಿಮಾನ, ಆ ಕೆಲಸ ಮುಗಿಸದೆ ಹೇಗೆ ಹೋಗಲಿ ಎಂದಳು. ಯಾವ ಕೆಲಸ ಎಂದು ಸಿಸಿಲಿಯಾ ನನ್ನ ಮುಖ ನೋಡಿದರು. ಮುದುಕಿ ಅವರ ಕೈ ಹಿಡಿದುಕೊಂಡು ಹೊರಟೇಬಿಟ್ಟಳು. ಹಿಂದೆ ನಾನು. ಸಿಸಿಲಿಯಾ ಅವರ ಕಾಲಲ್ಲಿ ಮನೆಯೊಳಗಿನ ಚಪ್ಪಲಿ, ನೈಟಿಯ ಮೇಲೆ ಹಿಟ್ಟಿನ ಕಲೆ ಇಲ್ಲದ ಖಾಲಿ ಏಪ್ರನ್.

ನೀಲಕ್ಕ ಅಡುಗೆಮನೆಯಲ್ಲಿದ್ದಳು. ನಮ್ಮನ್ನು ಕಂಡು ಎದ್ದು ನಿಂತಳು. ನಗಲಿಲ್ಲ, ಬನ್ನಿ ಎನ್ನಲೂ ಇಲ್ಲ. ಫ್ರಿಜ್ಜಿನ ಬಾಗಿಲ ಮೇಲೆ ಮೂರು ಬೆರಳಿನ ವಿಭೂತಿ ಕಂಡು ನನಗೆ ಆಶ್ಚರ್ಯವಾಯಿತು. ಅದರ ತಲೆಯ ಮೇಲೆ ಊದಿನಕಡ್ಡಿಯ ಬೂದಿ ಬಿದ್ದಿತ್ತು. ನೀಲಕ್ಕ ಫ್ರಿಜ್ಜಿನ ಬಾಗಿಲು ತೆರೆದಳು. ನಡುವಿನ ಅಂತಸ್ತು ಪೂರ್ತಿ ಖಾಲಿ ಮಾಡಿ, ಚಿನ್ನದ ಕಾಗದದ ಹಲಗೆಯ ಮೇಲೆ ಬಸವಣ್ಣ ಕುಳಿತಿದ್ದ. ಕೋಕೋ ಬಿರುಕು ಬಿಟ್ಟಿತ್ತು. ಕೊಂಬಿನ ಸಂದಿಯಲ್ಲಿ ಕಾಂಪೌಂಡಿನ ಬಳ್ಳಿಯ ಕಾಗದದ ಹೂವು, ಅವತ್ತು ಕಿತ್ತದ್ದೇ.

"ಕಸದ ಡಬ್ಬಿಗಿ ಹಾಕಿಲ್ರಿ" ಎಂದಳು ನೀಲಕ್ಕ. "ನೋಡ್ಕೋರಿ."

ಬಟ್ಟೆ ತಂತಿಯ ಮೇಲೆ ಅಲ್ಲಾಡಿದ್ದ ಸೀರೆ ನನ್ನ ಕಣ್ಣ ಮುಂದೆ ಬಂತು. ಅದರ ಹಿಂದೆ ಅವಳು ನಿಂತಿದ್ದಳು. ಎಲ್ಲವನ್ನೂ ಕೇಳಿದ್ದಳು, ಆ ಜನಗಳೇ ಹಾಗೆ ಎಂದದ್ದನ್ನೂ. ಸಿಸಿಲಿಯಾ ಅವರಿಗೂ ಆ ಕ್ಷಣಕ್ಕೇ ತಿಳಿಯಿತು.  ಹುಟ್ಟುಹಬ್ಬದ ದಿನದ ಮುಖ ನಾನು ನೋಡಿದ್ದೆ. ಅದು ತಿಳಿಯದೆ ತಪ್ಪು ಮಾಡಿದವರ ಮುಖ. ಇದು ಬೇರೆ. ನೆಲ ಬಿರಿದು ನುಂಗಬಾರದೇ ಎನ್ನುತ್ತಾರಲ್ಲ, ಹಾಗಿತ್ತು.

ಕಾಶವ್ವನಿಗೆ ಇದಾವುದೂ ಗೊತ್ತಿರಲಿಲ್ಲ. ಆಕೆ ತನ್ನ ಪಾಡಿಗೆ ತಾನು ಹೇಳುತ್ತಿದ್ದಳು. ಅವತ್ತು ಹಿಂದಿನಿಂದ ಕೂಗಿದ್ದೂ ಇದನ್ನೇ ಅಂತೆ.

"ಗೌರಿ ಹುಣ್ಣಿವಿಗಿ ನಾವು ಸಕ್ರಿ ಬಸವಣ್ಣನ್ನ ಮಾಡಿ ಆರತಿ ಬೆಳಗ್ತೀವಿ. ಆಮ್ಯಾಲೆ ಹುಡುಗೂರು ಕೋಡು ಮುರದು ತಿಂತಾವು. ಅದ್ರಾಗೇನೂ ತಪ್ಪಿಲ್ಲ. ಚಾಕು ಹಚ್ಚಬಾರ್ದು ಅಷ್ಟ. ಮಾಡಿದಾಕಿಗೆ ಮೊದಲ ಕೊಡಬೇಕು, ನಿನ್ನ ಬಿಟ್ಟು ಹೆಂಗ ತಿನ್ನೂದು?"

ಅದಕ್ಕೇ ಕಾದಿದ್ದರು. ನೀಲಕ್ಕ ಎರಡು ಸಲ ಬೆಲ್ ಒತ್ತಿದ್ದು ಕರೆಯುವುದಕ್ಕೆ. ಸಿಸಿಲಿಯಾ ಬಾಗಿಲು ತೆರೆಯಲಿಲ್ಲ. ಇಲ್ಲಿ ಅತ್ತೆ ದಿನಾ ಬೆಳಿಗ್ಗೆ ಸ್ನಾನ ಮಾಡಿ ಫ್ರಿಜ್ಜಿಗೆ ದೀಪ ಬೆಳಗುವುದು, ಕೈ ತೊಳೆಯದೆ ಹಾಲು ತೆಗೆಯಬೇಡಿ ಎನ್ನುವುದು. ಇದು ಸಾಲಿನಲ್ಲಿ ಗೊತ್ತಾದರೆ ಜನ ನಗುತ್ತಾರೆಂದು ನೀಲಕ್ಕ ಯಾರಿಗೂ ಹೇಳಲಿಲ್ಲ. ಅವಳಿಗೆ ಅವಳದೇ ನಾಚಿಕೆ. ಈರುಳ್ಳಿ ಬೆಳ್ಳುಳ್ಳಿಯೆಲ್ಲ ಫ್ರಿಜ್ಜಿನಿಂದ ಹೊರಗೆ ಬಂದು ಬುಟ್ಟಿಯಲ್ಲಿ ಮೊಳಕೆಯೊಡೆದಿದ್ದವು. ಆಂಟಿ ಬಂದ ಮೇಲೆ ಕೇಕು ಎಂಬ ಮಾತನ್ನು ನಂಬಿ ನಿಂಗರಾಜ ದಿನಾ ಫ್ರಿಜ್ಜಿನ ಮುಂದೆ ಬಂದು ನಿಂತು ಹೋಗುತ್ತಿದ್ದನಂತೆ.

ಸಿಸಿಲಿಯಾ ಬಾಯಿ ತೆರೆದರು. "ನೀಲಕ್ಕ, ನಾನು ಅವತ್ತು..."

"ಮೊದ್ಲ ತಿನ್ರಿ" ಎಂದಳು ನೀಲಕ್ಕ. ದನಿ ಏರಿಸಲಿಲ್ಲ. ಆ ಮಾತು ಮುಂದೆ ಯಾವತ್ತೂ ಪೂರ್ತಿಯಾಗಲಿಲ್ಲ.

ಬಸವಣ್ಣನನ್ನು ಹೊರಗೆ ತೆಗೆದು ಮೇಜಿನ ಮೇಲೆ ಇಟ್ಟರು. ಕಾಶವ್ವ ಆರತಿ ಬೆಳಗಿ, ಮೊಮ್ಮಗನ ಕೈ ಹಿಡಿದು ಕೊಂಬು ಮುರಿಸಿದಳು. ಕೊಂಬು ಬಿಸ್ಕತ್ತಿನದು, ಸುಲಭವಾಗಿ ಮುರಿಯಿತು. ಡುಬ್ಬ ಮುರಿಯಲು ಮುದುಕಿ ಎರಡೂ ಕೈ ಹಾಕಬೇಕಾಯಿತು. ಅಷ್ಟು ಒಣಗಿತ್ತು. ಮೊದಲ ತುಂಡು ಸಿಸಿಲಿಯಾ ಅವರ ಅಂಗೈಗೆ ಬಂತು. ಆಮೇಲೆ ನನಗೆ. ಬಾಯಲ್ಲಿಟ್ಟರೆ ಬೆಣ್ಣೆ ಕಮಟಾಗಿತ್ತು, ಮೊಸರು ಹುಳಿಯಾಗಿತ್ತು. ನುಂಗುವುದಕ್ಕೆ ನೀರು ಬೇಕು. ಕಾಶವ್ವ ಕಣ್ಣಿಗೊತ್ತಿಕೊಂಡು ತಿಂದಳು. ನೀಲಕ್ಕ ತಿಂದಳು. ನಿಂಗರಾಜ ಕೊಂಬು ಮುಗಿಸಿ ಇನ್ನೊಂದು ಕೇಳಿದ. ಯಾರೂ ಮುಖ ಸಿಂಡರಿಸಲಿಲ್ಲ.

ಕೇಕು ಚೂರು ಗಟ್ಟಿಯಾಯಿತೆಂದರೆ ಅದನ್ನು ಹಲಗೆಗೆ ಏರಿಸಲೂ ಒಪ್ಪದಿದ್ದ ಹೆಂಗಸು ಸಿಸಿಲಿಯಾ. ಈಗ ತಲೆ ತಗ್ಗಿಸಿ, ಅಂಗೈಯಲ್ಲಿದ್ದದ್ದನ್ನು ಒಂದು ಪುಡಿಯೂ ಕೆಳಗೆ ಬೀಳದಂತೆ ತಿಂದರು. ಕಣ್ಣೀರು ಮೂಗಿನ ತುದಿಗೆ ಬಂದು ನಿಂತಿತ್ತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಹೊರಡುವಾಗ ನೀಲಕ್ಕ ಹಲಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಅದರ ಮೇಲೆ ಬಾಳೆಲೆ ಇಲ್ಲದ್ದಕ್ಕೆ ಕಾಗದದ ಹಾಳೆ ಹಾಸಿ, ಸ್ವಲ್ಪ ಮುಂಚೆ ಬಡಿದಿದ್ದ ಜೋಳದ ರೊಟ್ಟಿ, ಒಂದು ಬಟ್ಟಲು ಶೇಂಗಾ ಚಟ್ನಿ ಇಟ್ಟಳು. ಅಂದು ಬಿದ್ದಿದ್ದ ಚಪ್ಪಟೆ ಚೂರಿಯನ್ನು ತೊಳೆದಿಟ್ಟಿದ್ದಳು, ಅದನ್ನೂ ಪಕ್ಕಕ್ಕೆ ಇಟ್ಟಳು. ಬರಿದು ಕೊಡಬಾರದಲ್ಲ ಎಂದು ಕಾಶವ್ವನಿಗೆ ಹೇಳುವವಳಂತೆ ಹೇಳಿ, ಹಲಗೆಯನ್ನು ಸಿಸಿಲಿಯಾ ಅವರ ಎರಡೂ ಕೈಗಳ ಮೇಲೆ ಇಟ್ಟಳು.

ನಾವಿಬ್ಬರೂ ಹೊರಗೆ ಬಂದೆವು. ನಮ್ಮ ಮನೆಯ ಮುಂದೆ ಅವರು ನಿಂತರು. ರೊಟ್ಟಿಯ ಬಿಸಿ ಇನ್ನೂ ಆರಿರಲಿಲ್ಲ, ಹಾಳೆ ತೇವವಾಗಿತ್ತು. ಅವರು ಅದನ್ನೇ ನೋಡುತ್ತಿದ್ದರು.

"ಖಾಲಿ ಕೊಟ್ಟಿದ್ರೆ ಒಳ್ಳೆದಿತ್ತು, ಚಂದ್ರಿಕಾ" ಎಂದರು.